ಸುಗಂಧತೈಲ ಬೆರೆತ ಪ್ರಸಾಧನಗಳ ಆಯ್ಕೆ: ಸೀಸೆಯ ಘಮ, ಚರ್ಮದ ಘಮ

ಒಂದೇ ಸೀಸೆಯಿಂದ ತೆಗೆದ ಲ್ಯಾವೆಂಡರ್ ತೈಲವನ್ನು, ತೂಕದ ಲೆಕ್ಕದಲ್ಲಿ ನೂರಕ್ಕೆ ಅರ್ಧ ಭಾಗದಂತೆ, ಮೂರು ಬಟ್ಟಲುಗಳಿಗೆ ಹಾಕಿ ಕಲಸಿಟ್ಟಿದ್ದೆ. ಮೊದಲನೆಯದರಲ್ಲಿ ನೀರಿನಂಶವೇ ಹೆಚ್ಚಾಗಿದ್ದ ಜೆಲ್, ಎರಡನೆಯದರಲ್ಲಿ ಎಣ್ಣೆ ಮತ್ತು ಮೇಣ ಸೇರಿದ ಗಟ್ಟಿ ಕ್ರೀಮ್, ಮೂರನೆಯದರಲ್ಲಿ ಅಚ್ಚಿಗೆ ಹೊಯ್ಯಲು ಸಿದ್ಧವಾಗಿದ್ದ ಸಾಬೂನು. ವಾರ ಕಳೆದ ಮೇಲೆ ಮೂರನ್ನೂ ಪರಿಚಯದವರ ಮುಂದಿಟ್ಟು, ಏನೂ ಹೇಳದೆ ಮೂಸಿ ನೋಡಲು ಕೊಟ್ಟೆ. ಜೆಲ್ ಮೂಸಿದವರು ಮುಖ ಹಿಂದಕ್ಕೆ ಎಳೆದುಕೊಂಡು ‘ತೀರಾ ಗಾಢವಾಯಿತು’ ಎಂದರು. ಕ್ರೀಮಿಗೆ ‘ಏನೋ ಹಿತವಾಗಿದೆ, ಆದರೆ ಯಾವುದೆಂದು ಹೊಳೆಯುತ್ತಿಲ್ಲ’ ಎಂಬ ಉತ್ತರ ಬಂತು. ಸಾಬೂನನ್ನು ಹಿಡಿದವರಲ್ಲಿ ಇಬ್ಬರು ಅದು ಬೇರೆಯೇ ತೈಲವೆಂದು ಖಚಿತವಾಗಿ ನುಡಿದರು.

ಅವರಲ್ಲಿ ಯಾರೂ ತಪ್ಪು ಹೇಳಿರಲಿಲ್ಲ. ಸಸ್ಯಗಳ ಸುಗಂಧತೈಲದ ಘಟಕಗಳಲ್ಲಿ ಹೆಚ್ಚಿನವು ನೀರಿನೊಡನೆ ಬೆರೆಯಲೊಲ್ಲವು. ಆದ್ದರಿಂದ ಜೆಲ್‌ನಲ್ಲಿ ಅವು ಬೇಗನೆ ಗಾಳಿಗೆ ಹಾರಿ ಮೂಗನ್ನು ತಲುಪುತ್ತವೆ. ಎಣ್ಣೆಯಂಶವಿರುವ ಕ್ರೀಮ್ ಅದೇ ಘಟಕಗಳನ್ನು ತನ್ನೊಳಗೆ ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಟ್ಟುಕೊಡುತ್ತದೆ. ಸಾಬೂನಿನ ಕ್ಷಾರವಾದರೋ ಲ್ಯಾವೆಂಡರ್‌ಗೆ ಹಣ್ಣಿನಂಥ ಮಾರ್ದವವನ್ನು ಕೊಡುವ ಲಿನಲೈಲ್ ಅಸಿಟೇಟ್ ಎಂಬ ಘಟಕವನ್ನೇ ಒಡೆದು ಹಾಕುತ್ತದೆ. ಹೀಗಾಗಿ ‘ಲ್ಯಾವೆಂಡರ್ ಒಳ್ಳೆಯದೋ ಗುಲಾಬಿ ಒಳ್ಳೆಯದೋ’ ಎಂದು ಸೀಸೆಯ ಮೇಲಿನ ಹೆಸರಿನಿಂದ ಆಯ್ಕೆಯನ್ನು ಆರಂಭಿಸುವವರು ಅರ್ಧ ದಾರಿಯಲ್ಲೇ ಎಡವುತ್ತಾರೆ ಎಂಬುದು ನನ್ನ ಅನುಭವ. ತೈಲ, ಅದು ಬೆರೆತಿರುವ ಆಧಾರದ್ರವ್ಯ, ಹಚ್ಚಿಕೊಳ್ಳುವ ಚರ್ಮ ಮತ್ತು ಗ್ರಹಿಸುವ ಮೂಗು ನಾಲ್ಕನ್ನೂ ಒಟ್ಟಿಗೆ ತೂಗಿ ನೋಡಬೇಕು. ಮುಂದಿನ ಹೋಲಿಕೆಯನ್ನು ಆ ಕ್ರಮದಲ್ಲೇ ಮಾಡಿದ್ದೇನೆ. ಆದರೆ ಮೂಗಿನಿಂದ ಆರಂಭಿಸುತ್ತೇನೆ, ಏಕೆಂದರೆ ಅದೊಂದನ್ನು ಮಾತ್ರ ನಾವು ಬದಲಿಸಲಾರೆವು.

ಮೂಗಿನಿಂದ ಮೂಗಿಗೆ

ಮೂಗಿನ ಮೇಲ್ಭಾಗದ ಒಳಪೊರೆಯಲ್ಲಿ ಮನುಷ್ಯರಿಗೆ ಸುಮಾರು 400 ಬಗೆಯ ಘ್ರಾಣಗ್ರಾಹಕಗಳಿವೆ. ಇವುಗಳನ್ನು ರೂಪಿಸುವ ವಂಶವಾಹಿಗಳ ದೊಡ್ಡ ಕುಟುಂಬವನ್ನು 1991ರಲ್ಲಿ ವಿವರಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಒಂದು ಅಣು ಹಲವು ಗ್ರಾಹಕಗಳನ್ನು ತಟ್ಟುತ್ತದೆ, ಒಂದು ಗ್ರಾಹಕ ಹಲವು ಅಣುಗಳಿಗೆ ಸ್ಪಂದಿಸುತ್ತದೆ. ಯಾವ ಯಾವ ಗ್ರಾಹಕಗಳು ಎಷ್ಟೆಷ್ಟು ಮಿಡಿದವು ಎಂಬ ಒಟ್ಟು ಚಿತ್ರವನ್ನು ಮಿದುಳು ಒಂದು ವಾಸನೆಯೆಂದು ಅರಿಯುತ್ತದೆ. ಈ ವಂಶವಾಹಿಗಳು ಇಬ್ಬರಲ್ಲಿ ತದ್ವತ್ತಾಗಿ ಇರುವುದು ಅಪರೂಪ.

ಇದರ ಪರಿಣಾಮವನ್ನು ಬೀಟಾ-ಅಯೊನೋನ್ ಎಂಬ ಒಂದೇ ಅಣುವಿನಲ್ಲಿ ಸ್ಪಷ್ಟವಾಗಿ ಕಾಣಬಹುದು. ವಯಲೆಟ್ ಹೂವಿನ ಕಂಪಿಗೆ ಮುಖ್ಯ ಕಾರಣವಾದ ಈ ಅಣು ಗುಲಾಬಿ ತೈಲದಲ್ಲಿಯೂ ಅತ್ಯಲ್ಪ ಪ್ರಮಾಣದಲ್ಲಿದೆ. ಓಆರ್5ಎ1 ಎಂಬ ಒಂದು ಗ್ರಾಹಕದ ವಂಶವಾಹಿಯಲ್ಲಿ ಸಣ್ಣದೊಂದು ವ್ಯತ್ಯಾಸವಿದ್ದರೆ ಸಾಕು, ಒಬ್ಬರಿಗೆ ಹೂವಿನಂತೆ ಇಂಪಾಗಿ ತೋರುವ ಅದೇ ಅಣು ಇನ್ನೊಬ್ಬರಿಗೆ ಸುಲಭವಾಗಿ ಗೊತ್ತೇ ಆಗುವುದಿಲ್ಲ, ಗೊತ್ತಾದಾಗಲೂ ಹುಳಿಯಾಗಿ, ಘಾಟಾಗಿ ತೋರುತ್ತದೆ. ಶ್ರೀಗಂಧದ ಕಂಪನ್ನು ನೀಡುವ ಸ್ಯಾಂಟಲಾಲ್‌ನಂಥ ಭಾರವಾದ ಅಣುಗಳನ್ನು ಸರಿಯಾಗಿ ಗ್ರಹಿಸಲಾಗದವರೂ ಇದ್ದಾರೆ. ಬೇರೆಲ್ಲ ವಾಸನೆಗಳಿಗೆ ಚುರುಕಾಗಿರುವ ಅವರ ಮೂಗು ಇದೊಂದಕ್ಕೆ ಮಾತ್ರ ಮಂಕಾಗಿರುತ್ತದೆ. ಗಂಧದ ಕ್ರೀಮ್ ‘ಏನೂ ವಾಸನೆ ಬರುವುದಿಲ್ಲ’ ಎಂದು ಮನೆಯಲ್ಲಿ ಒಬ್ಬರು ದೂರಿದರೆ, ಕ್ರೀಮ್ ಕಲಬೆರಕೆಯೆಂದು ನಿರ್ಧರಿಸುವ ಮೊದಲು ಇನ್ನೊಬ್ಬರ ಮೂಗಿಗೂ ಹಿಡಿಯಿರಿ.

ಮೂಗಿನ ಸೂಕ್ಷ್ಮತೆಗೆ ಮತ್ತೊಂದು ಮುಖವೂ ಇದೆ. ಕಾರ್ವೋನ್ ಎಂಬ ಅಣುವಿಗೆ ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿಬಿಂಬವಾದ ಎರಡು ರೂಪಗಳಿವೆ. ಒಂದು ರೂಪ ಪುದೀನದಂತೆಯೂ ಇನ್ನೊಂದು ಶಾಹಿಜೀರಿಗೆಯಂತೆಯೂ ಘಮಿಸುತ್ತದೆ. ಇಂಥ ಭೇದವನ್ನೂ ಹಿಡಿಯಬಲ್ಲ ಮೂಗು, ಹಲವು ವಾಸನೆಗಳು ಬೆರೆತಾಗ ಮಾತ್ರ ಸೋಲುತ್ತದೆ: ಒಂದು ಮಿಶ್ರಣದಲ್ಲಿ ಮೂರು ನಾಲ್ಕಕ್ಕಿಂತ ಹೆಚ್ಚು ಘಟಕಗಳನ್ನು ಬಿಡಿಬಿಡಿಯಾಗಿ ಗುರುತಿಸುವುದು ಪಳಗಿದವರಿಗೂ ಕಷ್ಟ. ಹನ್ನೆರಡು ಸಸ್ಯಗಳ ತೈಲವಿದೆ ಎಂದು ಹೊಗಳಿಕೊಳ್ಳುವ ಲೋಷನ್‌ಗೂ ಮೂರು ತೈಲಗಳ ಲೋಷನ್‌ಗೂ ನಡುವೆ ಆಯ್ಕೆ ಬಂದರೆ, ಕಂಪಿನ ದೃಷ್ಟಿಯಿಂದ ನಾನು ಎರಡನೆಯದರ ಕಡೆ ನಿಲ್ಲುತ್ತೇನೆ. ಅದರಲ್ಲಿ ಏನು ಹಿಡಿಸಿತು, ಏನು ಹಿಡಿಸಲಿಲ್ಲ ಎಂದು ಹೇಳಲು ಸಾಧ್ಯವಾಗುತ್ತದೆ. ಮುಂದಿನ ಬಾರಿಯ ಆಯ್ಕೆಗೆ ಅದೇ ದಾರಿ ತೋರಿಸುತ್ತದೆ.

ಹೆಸರಿನ ಪ್ರಭಾವವನ್ನೂ ಇಲ್ಲಿಯೇ ಹೇಳಬೇಕು. ಒಂದೇ ವಾಸನೆಗೆ ಚೀಸ್‌ನ ಹೆಸರು ಕೊಟ್ಟಾಗ ಹಿತವೆಂದವರು, ಮೈಬೆವರಿನ ಹೆಸರು ಕೊಟ್ಟಾಗ ಅದನ್ನು ಅಷ್ಟು ಮೆಚ್ಚಲಿಲ್ಲ ಎಂಬುದು 2005ರಲ್ಲಿ ಪ್ರಕಟವಾದ ಮಿದುಳಿನ ಚಿತ್ರಣದ ಅಧ್ಯಯನವೊಂದರಲ್ಲಿ ಕಂಡುಬಂತು; ಬದಲಾದದ್ದು ಬಾಯಿಮಾತಿನ ಅಭಿಪ್ರಾಯವಷ್ಟೇ ಆಗಿರಲಿಲ್ಲ, ವಾಸನೆಗೆ ಸಂಬಂಧಿಸಿದ ಮಿದುಳಿನ ಭಾಗಗಳ ಸ್ಪಂದನವೂ ಬದಲಾಗಿತ್ತು. ಇತರ ಇಂದ್ರಿಯಗಳ ಸಂದೇಶದಂತೆ ಮೊದಲು ಥಾಲಮಸ್ ಎಂಬ ನಡುಮನೆಯನ್ನು ಹಾಯದೆ, ವಾಸನೆಯ ಸಂದೇಶ ಭಾವನೆ ಮತ್ತು ನೆನಪಿಗೆ ಸಂಬಂಧಿಸಿದ ಭಾಗಗಳಿಗೆ ಹತ್ತಿರದ ದಾರಿಯಲ್ಲಿ ಹೋಗುತ್ತದೆ. ‘ಪ್ರಕೃತಿದತ್ತ’ ಎಂಬ ಪದ, ಹಸಿರು ಎಲೆಯ ಚಿತ್ರ, ತಿಳಿನೇರಳೆ ಬಣ್ಣ ಇವೆಲ್ಲ ಮುಚ್ಚಳ ತೆರೆಯುವ ಮೊದಲೇ ಅರ್ಧ ತೀರ್ಪನ್ನು ಬರೆದುಬಿಟ್ಟಿರುತ್ತವೆ.

ತೈಲಗಳ ನಡುವೆ

ನಿಂಬೆ, ಕಿತ್ತಳೆ ಮುಂತಾದ ಹುಳಿಹಣ್ಣುಗಳ ಸಿಪ್ಪೆಯ ತೈಲಗಳು ಎಲ್ಲರಿಗೂ ಬೇಗ ಹಿಡಿಸುತ್ತವೆ, ಹಾಗೆಯೇ ಬೇಗ ಮಾಯವಾಗುತ್ತವೆ. ಅವುಗಳ ಮುಖ್ಯ ಘಟಕವಾದ ಲಿಮೊನೀನ್ ಹಗುರವಾದ ಅಣು; ಚರ್ಮದ ಬಿಸುಪಿಗೆ ಅದು ಕೆಲವೇ ನಿಮಿಷಗಳಲ್ಲಿ ಆವಿಯಾಗಿ ಹೋಗುತ್ತದೆ. ತೊಳೆದುಬಿಡುವ ಶಾಂಪೂವಿಗೆ, ಬೆಳಗಿನ ಮುಖಮಾರ್ಜಕಕ್ಕೆ ಇದು ಕುಂದಲ್ಲ, ಗುಣವೇ. ಆದರೆ ದಿನವಿಡೀ ಮೈಮೇಲೆ ಕಂಪಿರಬೇಕೆಂದು ಕಿತ್ತಳೆಯ ಲೋಷನ್ ಕೊಂಡವರು ನಿರಾಶರಾಗುವುದು ಖಂಡಿತ. ಹಗಲಿನಲ್ಲಿ ಬಿಸಿಲಿಗೆ ಹೋಗುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ: ಸಿಪ್ಪೆಯನ್ನು ಹಿಂಡಿ ತೆಗೆದ ಬರ್ಗಮಾಟ್ ತೈಲದಲ್ಲಿ ಬರ್ಗಾಪ್ಟೆನ್ ಎಂಬ ಪದಾರ್ಥವಿದ್ದು, ಅದು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟಂಥ ಗಾಯ ಮತ್ತು ಕಪ್ಪು ಕಲೆ ಉಂಟಾಗಬಹುದು. ಅಂತರರಾಷ್ಟ್ರೀಯ ಸುಗಂಧ ಸಂಘವು ತೊಳೆಯದೆ ಬಿಡುವ ಪ್ರಸಾಧನಗಳಲ್ಲಿ ಈ ತೈಲಕ್ಕೆ ಶೇ. 0.4ರ ಮಿತಿ ಹಾಕಿದೆ. ಬರ್ಗಾಪ್ಟೆನ್ ತೆಗೆದುಹಾಕಿದ ತೈಲವೂ ದೊರೆಯುತ್ತದೆ. ಕಂಪಿನಲ್ಲಿ ಅದು ಮೂಲಕ್ಕೆ ಬಹಳ ಹತ್ತಿರವಾಗಿರುವುದರಿಂದ ಮುಖದ ಕ್ರೀಮಿಗೆ ಅದನ್ನೇ ಆರಿಸುವುದು ಲೇಸು.

ಲ್ಯಾವೆಂಡರ್ ಎಂಬ ಒಂದೇ ಹೆಸರಿನಡಿಯಲ್ಲಿ ಎರಡು ಮೂರು ಗಿಡಗಳು ಅಡಗಿವೆ. ನಿಜವಾದ ಲ್ಯಾವೆಂಡರ್‌ನ ತೈಲದಲ್ಲಿ ಲಿನಲೂಲ್ ಮತ್ತು ಲಿನಲೈಲ್ ಅಸಿಟೇಟ್ ಸೇರಿ ಅರ್ಧಕ್ಕಿಂತ ಹೆಚ್ಚಿದ್ದು, ಕರ್ಪೂರದ ಅಂಶ ತೀರಾ ಕಡಿಮೆ. ಲ್ಯಾವೆಂಡಿನ್ ಎಂಬ ಮಿಶ್ರತಳಿಯಲ್ಲಿ ಕರ್ಪೂರದ ಪಾಲು ಎದ್ದು ಕಾಣುವಷ್ಟಿರುತ್ತದೆ. ‘ನನಗೆ ಲ್ಯಾವೆಂಡರ್ ಆಗುವುದಿಲ್ಲ, ಔಷಧದ ವಾಸನೆ’ ಎನ್ನುವವರಲ್ಲಿ ಅನೇಕರು ಬಹುಶಃ ಎರಡನೆಯದನ್ನಷ್ಟೇ ಮೂಸಿರುತ್ತಾರೆ. ಡಬ್ಬಿಯ ಮೇಲಿನ ಘಟಕಗಳ ಪಟ್ಟಿಯಲ್ಲಿರುವ ಸಸ್ಯಶಾಸ್ತ್ರೀಯ ಹೆಸರನ್ನು ಓದಿದರೆ ವ್ಯತ್ಯಾಸ ತಿಳಿಯುತ್ತದೆ: ಲ್ಯಾವಂಡುಲ ಅಂಗುಸ್ಟಿಫೋಲಿಯ ಎಂದಿದ್ದರೆ ಮೊದಲನೆಯದು, ಲ್ಯಾವಂಡುಲ ಹೈಬ್ರಿಡ ಅಥವಾ ಇಂಟರ್ಮೀಡಿಯ ಎಂದಿದ್ದರೆ ಎರಡನೆಯದು. ಸಾಬೂನಿಗೆ ನಾನು ಎರಡನೆಯದನ್ನೇ ಬಳಸುತ್ತೇನೆ. ಕ್ಷಾರದ ಎದುರು ಅದರ ಕಟುತ್ವ ಉಳಿದುಕೊಳ್ಳುತ್ತದೆ, ಬೆಲೆಯೂ ಕಡಿಮೆ. ರಾತ್ರಿ ಹಚ್ಚುವ ಕ್ರೀಮಿಗೆ ಮಾತ್ರ ಮೊದಲನೆಯದು.

ಗುಲಾಬಿಯ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಜನರ ನಿರೀಕ್ಷೆ ಮತ್ತು ಸೀಸೆಯ ವಾಸ್ತವಗಳ ನಡುವಿನ ಅಂತರ ಇಲ್ಲಿರುವಷ್ಟು ಬೇರೆಲ್ಲೂ ಕಂಡಿಲ್ಲ. ಹೂವನ್ನು ಹಬೆಯಲ್ಲಿ ಬಟ್ಟಿ ಇಳಿಸಿ ತೈಲ ತೆಗೆಯುವಾಗ, ತಾಜಾ ಗುಲಾಬಿಯ ಮೃದುವಾದ ಕಂಪಿಗೆ ಕಾರಣವಾದ ಫಿನೈಲ್ ಈಥೈಲ್ ಆಲ್ಕೊಹಾಲ್ ನೀರಿನಲ್ಲಿ ಕರಗುವ ಸ್ವಭಾವದ್ದಾದ್ದರಿಂದ ಬಹುಪಾಲು ಗುಲಾಬಿ ಜಲದಲ್ಲೇ ಉಳಿದುಬಿಡುತ್ತದೆ. ತೈಲದಲ್ಲಿ ಸಿಟ್ರೊನೆಲ್ಲಾಲ್ ಮತ್ತು ಜಿರೇನಿಯಾಲ್ ಮುಂದೆ ನಿಲ್ಲುತ್ತವೆ. ಅದರ ಘಮ ತೀಕ್ಷ್ಣ, ತುಸು ಸಾಂಬಾರ ಪದಾರ್ಥಗಳನ್ನು ಹೋಲುವಂಥದ್ದು. ದ್ರಾವಕ ಬಳಸಿ ತೆಗೆದ, ಅಬ್ಸಲ್ಯೂಟ್ ಎಂದು ಕರೆಯುವ ಸಾರದಲ್ಲಿ ಆ ಆಲ್ಕೊಹಾಲ್ ಅರ್ಧಕ್ಕಿಂತ ಹೆಚ್ಚಿರುವುದರಿಂದ ಅದು ಗಿಡದ ಮೇಲಿನ ಹೂವಿಗೆ ಹೆಚ್ಚು ಹತ್ತಿರ. ಬಟ್ಟಿ ಇಳಿಸಿದ ಒಂದು ಕಿಲೋ ತೈಲಕ್ಕೆ 3ರಿಂದ 5 ಟನ್ ಹೂವು ಬೇಕು. ಆದರೂ ಇಷ್ಟು ದುಬಾರಿಯಾದ ತೈಲದ ವ್ಯಕ್ತಿತ್ವವನ್ನು ನಿರ್ಧರಿಸುವುದು ಅದರ ಮುಖ್ಯ ಘಟಕಗಳಷ್ಟೇ ಅಲ್ಲ. ನೂರರಲ್ಲಿ ಒಂದು ಭಾಗಕ್ಕಿಂತಲೂ ಎಷ್ಟೋ ಕಡಿಮೆ ಇರುವ ಬೀಟಾ-ಡಮಾಸ್ಕೆನೋನ್‌ನಂಥ ಅಣುಗಳು, ಮೂಗು ಅವುಗಳನ್ನು ಅತ್ಯಂತ ಕಡಿಮೆ ಪ್ರಮಾಣದಲ್ಲೂ ಹಿಡಿಯಬಲ್ಲದಾದ್ದರಿಂದ, ಇಡೀ ಕಂಪನ್ನು ಆಳುತ್ತವೆ. ಹೂವಿನ ನೆನಪನ್ನು ಹುಡುಕುವವರು ಅಬ್ಸಲ್ಯೂಟ್ ಬೆರೆತ ಕ್ರೀಮನ್ನೋ, ಅದಕ್ಕಿಂತಲೂ ಸರಳವಾಗಿ ಶುದ್ಧ ಗುಲಾಬಿ ಜಲವನ್ನೋ ಆರಿಸಲಿ. ಗಾಢವಾದ, ಗಂಭೀರವಾದ ಘಮ ಬೇಕಾದವರು ಬಟ್ಟಿ ಇಳಿಸಿದ ತೈಲವಿರುವ ಮುಖದೆಣ್ಣೆಯನ್ನು ನೋಡಲಿ.

ಮಲ್ಲಿಗೆ ಹಬೆಯ ಬಿಸಿಯನ್ನು ತಾಳಲಾರದು. ಅದು ಸಾಮಾನ್ಯವಾಗಿ ಅಬ್ಸಲ್ಯೂಟ್ ರೂಪದಲ್ಲೇ ಪ್ರಸಾಧನಗಳನ್ನು ಸೇರುತ್ತದೆ. ಅದರಲ್ಲಿರುವ ಇಂಡೋಲ್ ಗಾಢವಾಗಿದ್ದಾಗ ಮಲದ ವಾಸನೆಯನ್ನು ನೆನಪಿಸುತ್ತದೆ, ತಿಳಿಯಾದಾಗ ಅರಳಿದ ಹೂವಿನ ಜೀವಂತಿಕೆಯನ್ನು ತರುತ್ತದೆ. ಆದುದರಿಂದ ಮಲ್ಲಿಗೆಯ ಪ್ರಸಾಧನವನ್ನು ಡಬ್ಬಿಗೆ ಮೂಗು ತಾಗಿಸಿ ಎಂದೂ ಪರೀಕ್ಷಿಸಬಾರದು. ಕೈಗೆ ಹಚ್ಚಿ, ಒಂದು ಮೊಳ ದೂರದಿಂದ ಗಾಳಿಯಲ್ಲಿ ಬಂದಷ್ಟನ್ನೇ ಗ್ರಹಿಸಬೇಕು.

ಶ್ರೀಗಂಧ, ಲಾವಂಚ, ಪಚೋಲಿ ಈ ಮೂರೂ ನಿಧಾನದ ಜಾತಿಗೆ ಸೇರಿದವು. ಡಬ್ಬಿ ತೆರೆದಾಗ ಮೌನವಾಗಿರುವ ಇವು ಚರ್ಮದ ಮೇಲೆ ಗಂಟೆಗಟ್ಟಲೆ ಉಳಿಯುತ್ತವೆ. ಅಂಗಡಿಯಲ್ಲಿ ನಿಂತ ಎರಡು ನಿಮಿಷದಲ್ಲಿ ಇವುಗಳಿಗೆ ನ್ಯಾಯ ಸಿಗುವುದಿಲ್ಲ.

ಪುದೀನ ಮತ್ತು ನೀಲಗಿರಿ ತೈಲಗಳನ್ನು ಬೇರೆ ಸಾಲಿನಲ್ಲಿಡಬೇಕು. ಪುದೀನ ತೈಲದಲ್ಲಿರುವ ಮೆಂಥಾಲ್ ಕೊಡುವ ತಂಪು, ವಾಸನೆಯೇ ಅಲ್ಲ. ತಣ್ಣನೆಯ ಸ್ಪರ್ಶವನ್ನು ಗುರುತಿಸುವ ಟಿಆರ್‌ಪಿಎಂ8 ಎಂಬ ಗ್ರಾಹಕವನ್ನು ಅದು ನೇರವಾಗಿ ಎಬ್ಬಿಸುತ್ತದೆ, ಮುಖದ ಟ್ರೈಜೆಮಿನಲ್ ನರ ಆ ಸುದ್ದಿಯನ್ನು ಒಯ್ಯುತ್ತದೆ. ಚರ್ಮ ತಂಪಾಗದಿದ್ದರೂ ತಂಪಾದಂತೆ ತೋರುವುದು ಇದರಿಂದಲೇ. ಕೆಲವರಿಗೆ ಇದೇ ಉರಿಯಾಗುತ್ತದೆ. ಕಣ್ಣಿನ ಸುತ್ತ ಹಚ್ಚುವ ಯಾವುದರಲ್ಲಿಯೂ ಇದನ್ನು ಆರಿಸಬೇಡಿ.

ಆಧಾರದ್ರವ್ಯದ ನಡುವೆ

ಜೆಲ್, ಕ್ರೀಮ್, ಸಾಬೂನುಗಳ ಭೇದವನ್ನು ಆರಂಭದಲ್ಲೇ ಕಂಡೆವು. ಶಾಂಪೂ ಮತ್ತು ಮೈತೊಳೆಯುವ ದ್ರವಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ. ನೊರೆ ಕೊಡುವ ಪದಾರ್ಥಗಳು ತೈಲವನ್ನು ಅತಿಸಣ್ಣ ಗುಂಪುಗಳೊಳಗೆ ಬಚ್ಚಿಟ್ಟಿರುತ್ತವೆ. ತಲೆಯ ಮೇಲೆ ನೀರು ಬಿದ್ದು ದ್ರವ ತೆಳುವಾದಂತೆ ಆ ಗುಂಪುಗಳು ಚದುರಿ, ಅಡಗಿದ್ದ ಘಮ ಒಮ್ಮೆಲೇ ಹೊರಗೆ ಬರುತ್ತದೆ, ಬಿಸಿನೀರು ಅದನ್ನು ಇನ್ನಷ್ಟು ಎಬ್ಬಿಸುತ್ತದೆ. ಬಾಟಲಿಯಲ್ಲಿ ಸಪ್ಪೆಯೆನಿಸಿದ ಶಾಂಪೂ ಸ್ನಾನದ ಮನೆಯನ್ನೆಲ್ಲ ತುಂಬುವುದು ಹೀಗೆ. ಮುಚ್ಚಳ ತೆರೆದು ಮೂಸಿ ಎರಡು ಶಾಂಪೂಗಳನ್ನು ಹೋಲಿಸುವ ಬದಲು, ಒಂದು ಹನಿಯನ್ನು ಲೋಟದ ಬೆಚ್ಚಗಿನ ನೀರಿಗೆ ಬಿಟ್ಟು ಕದಡಿ ಹೋಲಿಸುವುದು ಸರಿಯಾದ ಕ್ರಮ.

ಎಣ್ಣೆಯ ಮೇಲೆ ನಿಂತ ಪ್ರಸಾಧನಗಳಲ್ಲಿ ಆಧಾರದ ವಾಸನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಶುದ್ಧೀಕರಿಸದ ಎಣ್ಣೆ, ಬೆಣ್ಣೆಗಳಿಗೆ ತಮ್ಮದೇ ಕಮಟು ಇರುತ್ತದೆ. ಅದರ ಮೇಲೆ ಹೂವಿನ ತೈಲ ಹೊಂದುವುದು ಅಪರೂಪ, ಮರದ ತೈಲ ಚೆನ್ನಾಗಿ ಹೊಂದುತ್ತದೆ. ವಾಸನೆ ಸಾಲದೆಂದು ಮನೆಯಲ್ಲಿ ತಾವೇ ಇನ್ನಷ್ಟು ತೈಲ ಸೇರಿಸುವವರಿದ್ದಾರೆ. ಪ್ರಮಾಣವನ್ನು ಇಮ್ಮಡಿ ಮಾಡಿದರೆ ಮೂಗಿಗೆ ತೋರುವ ಗಾಢತೆ ಇಮ್ಮಡಿಯಾಗುವುದಿಲ್ಲ, ಅದಕ್ಕಿಂತ ಎಷ್ಟೋ ಕಡಿಮೆ ಏರುತ್ತದೆ. ಚರ್ಮದ ಮೇಲೆ ಬೀಳುವ ಹೊರೆ ಮಾತ್ರ ನಿಜವಾಗಿಯೂ ಇಮ್ಮಡಿ. ಇದನ್ನು ದಯವಿಟ್ಟು ಮಾಡಬೇಡಿ.

ಸಸ್ಯದ ತೈಲವೋ, ಕೂಡಿಸಿದ ಸುಗಂಧವೋ, ಏನೂ ಬೇಡವೋ

ಸಸ್ಯದ ತೈಲದಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು ಘಟಕಗಳಿರುತ್ತವೆ. ಮಳೆ, ಮಣ್ಣು, ಕೊಯ್ಲಿನ ಕಾಲಕ್ಕೆ ತಕ್ಕಂತೆ ಅವುಗಳ ಪಾಲು ಬದಲಾಗುತ್ತದೆ. ಹೋದ ವರ್ಷ ಮೆಚ್ಚಿದ ಕ್ರೀಮ್ ಈ ವರ್ಷ ತುಸು ಬೇರೆಯಾಗಿ ತೋರಿದರೆ ಅದು ಮೋಸವೇ ಆಗಿರಬೇಕಿಲ್ಲ. ಪ್ರತಿ ಡಬ್ಬಿಯೂ ಒಂದೇ ತೆರನಾಗಿ ಇರಬೇಕೆನ್ನುವವರಿಗೆ ಪ್ರಯೋಗಾಲಯದಲ್ಲಿ ಕೂಡಿಸಿದ ಸುಗಂಧ ಹೆಚ್ಚು ನಂಬಿಕಸ್ಥ. ಸಸ್ಯಮೂಲದ್ದಾದುದರಿಂದ ಸುರಕ್ಷಿತ ಎಂಬ ಮಾತನ್ನು ಮಾತ್ರ ಒಪ್ಪಲಾಗದು. ಲಿಮೊನೀನ್ ಮತ್ತು ಲಿನಲೂಲ್ ಹೊಸದಾಗಿದ್ದಾಗ ಚರ್ಮಕ್ಕೆ ಅಷ್ಟೇನೂ ಉಪದ್ರವ ಕೊಡುವುದಿಲ್ಲ. ಗಾಳಿಯ ಆಮ್ಲಜನಕದೊಡನೆ ಸೇರಿ ಹೈಡ್ರೊಪೆರಾಕ್ಸೈಡ್‌ಗಳಾದಾಗ ಅಲರ್ಜಿಗೆ ಪ್ರಬಲ ಕಾರಣವಾಗುತ್ತವೆ. ಆ ಬದಲಾವಣೆಯ ಸುಳಿವು ಅನೇಕ ಸಲ ಮೂಗಿಗೇ ಸಿಗುತ್ತದೆ: ಕಿತ್ತಳೆಯ ತಾಜಾತನ ಹೋಗಿ ಟರ್ಪೆಂಟೈನ್‌ನಂಥ ಮೊಂಡು ವಾಸನೆ ಬಂದಿದ್ದರೆ ಆ ಡಬ್ಬಿಯನ್ನು ಎಸೆಯಬೇಕು. ಅಗಲ ಬಾಯಿಯ ಡಬ್ಬಿಗಿಂತ ಪಂಪ್ ಇರುವ, ಬೆಳಕು ಹಾಯದ ಬಾಟಲಿಯನ್ನು ಆರಿಸಿದರೆ ಆ ದಿನವನ್ನು ಮುಂದೂಡಬಹುದು.

ಯುರೋಪಿಯನ್ ಒಕ್ಕೂಟದ ನಿಯಮದಂತೆ, ಅಲರ್ಜಿಗೆ ಕಾರಣವಾಗಬಲ್ಲ ಸುಗಂಧಘಟಕಗಳು ತೊಳೆಯದೆ ಬಿಡುವ ಪ್ರಸಾಧನದಲ್ಲಿ ಶೇ. 0.001ನ್ನು, ತೊಳೆದುಬಿಡುವುದರಲ್ಲಿ ಶೇ. 0.01ನ್ನು ಮೀರಿದರೆ ಅವುಗಳ ಹೆಸರನ್ನು ಪಟ್ಟಿಯಲ್ಲಿ ಮುದ್ರಿಸಲೇಬೇಕು. ಮೊದಲು 26 ಇದ್ದ ಇಂಥ ಹೆಸರುಗಳನ್ನು 2023ರ ತಿದ್ದುಪಡಿ 80ಕ್ಕೂ ಹೆಚ್ಚಿಗೆ ಏರಿಸಿತು. ತೊಳೆದುಹೋಗುವುದಕ್ಕೂ ಉಳಿದುಕೊಳ್ಳುವುದಕ್ಕೂ ಹತ್ತು ಪಟ್ಟು ಅಂತರವಿಟ್ಟಿರುವುದನ್ನು ಗಮನಿಸಿ. ಚರ್ಮ ಸೂಕ್ಷ್ಮವಾಗಿದ್ದು ಪರಿಮಳವನ್ನೂ ಬಿಡಲಾರದವರಿಗೆ ಒಂದು ನಡುದಾರಿ ಅಲ್ಲಿಯೇ ಇದೆ. ಸಾಬೂನಿನಲ್ಲೋ ಶಾಂಪೂವಿನಲ್ಲೋ ಕಂಪಿರಲಿ, ಹಚ್ಚಿ ಬಿಡುವ ಕ್ರೀಮ್ ನಿರ್ಗಂಧವಾಗಿರಲಿ. ಆದರೆ ಒಮ್ಮೆ ಅಲರ್ಜಿಯೆಂದು ವೈದ್ಯರು ಹೇಳಿದ ಮೇಲೆ ಈ ನಡುದಾರಿಯೂ ಮುಚ್ಚಿದಂತೆ. ‘ವಾಸನೆಯಿಲ್ಲದ್ದು’ ಮತ್ತು ‘ಸುಗಂಧ ಸೇರಿಸದ್ದು’ ಎಂಬ ಎರಡು ಮಾತುಗಳೂ ಒಂದೇ ಅಲ್ಲ. ಮೊದಲನೆಯದರಲ್ಲಿ ಆಧಾರದ ಕಮಟನ್ನು ಮರೆಸಲು ಸುಗಂಧ ಹಾಕಿರುವ ಸಾಧ್ಯತೆಯಿದೆ. ಅಲರ್ಜಿಯುಳ್ಳವರು ಎರಡನೆಯ ಮಾತನ್ನೇ ಹುಡುಕಿ, ಪಟ್ಟಿಯನ್ನೂ ಓದಬೇಕು.

ಮೂಸುವ ಕ್ರಮ

ಒಂದು ಸಲಕ್ಕೆ ಮೂರು, ಹೆಚ್ಚೆಂದರೆ ನಾಲ್ಕು. ಎಡೆಬಿಡದೆ ಮೂಸಿದರೆ ಮೂಗು ಕೆಲವೇ ನಿಮಿಷಗಳಲ್ಲಿ ಆ ವಾಸನೆಗೆ ಒಗ್ಗಿಹೋಗಿ ಅದನ್ನು ಗಮನಿಸುವುದನ್ನೇ ಬಿಡುತ್ತದೆ. ನಡುವೆ ಕಾಫಿಬೀಜ ಮೂಸಬೇಕೆಂಬ ರೂಢಿ ಇದೆಯಾದರೂ, ಬರಿಯ ಗಾಳಿಗಿಂತ ಅದರಿಂದ ಹೆಚ್ಚಿನ ಪ್ರಯೋಜನ ಕಂಡುಬಂದಿಲ್ಲ. ಏನೂ ಹಚ್ಚದ ತಮ್ಮ ಮೊಣಕೈಯ ಒಳಭಾಗವನ್ನು ಮೂಸಿ ಎರಡು ಉಸಿರು ತೆಗೆದುಕೊಂಡರೆ ಸಾಕು. ಹೋಲಿಸಬೇಕಾದ ಎರಡು ಕ್ರೀಮುಗಳನ್ನು ಎರಡು ಮುಂಗೈಗಳಿಗೆ ಬೇಳೆಕಾಳಿನಷ್ಟು ಹಚ್ಚಿ, ಯಾವುದು ಎಲ್ಲಿ ಎಂಬುದನ್ನು ಇನ್ನೊಬ್ಬರು ಮಾತ್ರ ಬರೆದಿಟ್ಟುಕೊಳ್ಳಲಿ. ಹಚ್ಚಿದ ಕೂಡಲೇ ಒಮ್ಮೆ, ಅರ್ಧ ಗಂಟೆಗೆ ಒಮ್ಮೆ, ಮೂರು ಗಂಟೆಗೆ ಒಮ್ಮೆ ಮೂಸಿ ಅನಿಸಿದ್ದನ್ನು ಬರೆಯಿರಿ. ಮೊದಲ ಟಿಪ್ಪಣಿಯೂ ಕೊನೆಯ ಟಿಪ್ಪಣಿಯೂ ಒಂದೇ ಕೈಯನ್ನು ಮೆಚ್ಚಿದರೆ ಆಯ್ಕೆ ಸುಲಭ. ಬೇರೆಯಾದರೆ ತೊಳೆದುಬಿಡುವ ಪ್ರಸಾಧನಕ್ಕೆ ಮೊದಲ ಟಿಪ್ಪಣಿಯನ್ನು, ಹಚ್ಚಿ ಬಿಡುವುದಕ್ಕೆ ಕೊನೆಯದನ್ನು ನಂಬಿ.

ವಯಸ್ಸಾದವರಿಗಾಗಿ ಆರಿಸುವಾಗ ಅವರ ಮೂಗನ್ನೇ ಕೇಳಬೇಕು. ಅರವತ್ತು ದಾಟಿದ ಮೇಲೆ ಘ್ರಾಣಶಕ್ತಿ ಅನೇಕರಲ್ಲಿ ಕುಗ್ಗುತ್ತದೆ, ಜ್ವರ ನೆಗಡಿಗಳ ನಂತರ ಕೆಲವರಲ್ಲಿ ಪೂರ್ತಿ ಹೋಗುವುದೂ ಉಂಟು. ಹಾಗೆ ವಾಸನೆಯನ್ನು ಕಳೆದುಕೊಂಡಿದ್ದ ಹಿರಿಯರೊಬ್ಬರಿಗೆ ನಾನು ಗುಲಾಬಿ, ಲ್ಯಾವೆಂಡರ್, ಗಂಧದ ಮೂರು ಕ್ರೀಮುಗಳನ್ನು ಒಂದೊಂದಾಗಿ ಹಿಡಿದೆ. ಮೂರಕ್ಕೂ ಅವರು ತಲೆಯಲ್ಲಾಡಿಸಿದರು. ಪುದೀನದ ತೈಲ ಅತ್ಯಲ್ಪವಾಗಿ ಬೆರೆತ ಪಾದದ ಕ್ರೀಮನ್ನು ಮೂಗಿನ ಬಳಿ ತಂದಾಗ ಅವರ ಹುಬ್ಬು ಮೇಲೇರಿತು. ಟ್ರೈಜೆಮಿನಲ್ ನರದ ದಾರಿ ಅವರಲ್ಲಿ ಇನ್ನೂ ತೆರೆದಿತ್ತು. ‘ಪರಿಮಳ ಗೊತ್ತಾಗಲಿಲ್ಲಮ್ಮ, ಆದರೆ ಬಾಗಿಲು ತೆಗೆದಾಗ ಗಾಳಿ ಬಂದ ಹಾಗಾಯಿತು’ ಎಂದರು. ಅದನ್ನೇ ಅವರಿಗೆ ಕೊಟ್ಟೆ. ಮನೆಯಲ್ಲಿ ಎಳೆಯ ಮಗುವಿದ್ದುದರಿಂದ, ಮೆಂಥಾಲ್ ಇರುವ ಯಾವುದನ್ನೂ ಮಗುವಿನ ಮೂಗಿನ ಹತ್ತಿರ ತರಬಾರದು, ಹಚ್ಚಿದ ಮೇಲೆ ಕೈ ತೊಳೆಯದೆ ಎತ್ತಿಕೊಳ್ಳಬಾರದು ಎಂದು ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದೆ.